ಹಳೇ ಪೆಂಟಾಕ್ಸ್ ಕೊಳ್ಳುವ ಮುನ್ನ

ಫಿಲ್ಮ್ ಕ್ಯಾಮೆರಾ ಬೇಕು ಅಂತ ಕೇಳಿದವರಿಗೆ ನಾನು ಹೇಳುವುದು ಪೆಂಟಾಕ್ಸ್ ಕೆ1000. 1976ರಲ್ಲಿ ಬಂದದ್ದು. ಫಿಲ್ಮಿಗೆ ಬೆಳಕು ಬಿಡುವ ಪರದೆ, ಅಂದರೆ ಶಟರ್, ಪೂರ್ತಿ ಮೆಕ್ಯಾನಿಕಲ್; ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರಿಗೆ ಮಾತ್ರ. ಹಾಗಾಗಿ ಮಾರುವವರು "ಬ್ಯಾಟರಿ ಇಲ್ಲ ಸಾರ್" ಅಂದರೆ ಸುಮ್ನೆ ವಾಪಸ್ ಬರಬೇಡಿ. ಹಿಂಬದಿ ತೆರೆದು, ಶಟರ್ ವೇಗವನ್ನು 1 ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿ. ಪರದೆ ಪೂರ್ತಿ ಮುಚ್ಚದೆ ನಿಂತರೆ ಸರ್ವಿಸ್ ಖರ್ಚು ಗ್ಯಾರಂಟಿ. ಹಿಂಬಾಗಿಲ ಅಂಚಿನಲ್ಲಿ ಬೆಳಕು ತಡೆಯುವ ಫೋಮ್ ಕಪ್ಪಗೆ ಬೆರಳಿಗೆ ಅಂಟುತ್ತಾ? ಅದನ್ನು ಬದಲಾಯಿಸಬಹುದು. ಚೌಕಾಸಿಗೆ ಒಳ್ಳೇ ನೆಪ, ಅಲ್ವಾ!

ಲೆನ್ಸ್ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಕಳಚಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡಿನ ಮಳೆಗಾಲ ಕಂಡ ಲೆನ್ಸಾದರೆ ಇನ್ನೂ ಹುಷಾರಾಗಿ ನೋಡಿ.

ಮೀಟರಿಗೆ ಸ್ವಿಚ್ ಇಲ್ಲ, ಬೆಳಕು ಬೀಳುವಷ್ಟು ಹೊತ್ತೂ ಬ್ಯಾಟರಿ ತಿನ್ನುತ್ತದೆ. ಬಳಸದಾಗ ಲೆನ್ಸಿಗೆ ಮುಚ್ಚಳ ಹಾಕಿಡಿ, ಬ್ಯಾಟರಿ ಉಳಿಯುತ್ತದೆ.