ಅರಳು ಮರಳು ಅಂತ ಸುಮ್ಮನಾಗಬೇಡಿ: ನಿಮ್ಮ ಬೀದಿಯಲ್ಲೊಂದು ಮರೆವಿನ ಸಭೆ ಮಾಡುವುದು ಹೇಗೆ?

ನೆನಪು, ಯೋಚನೆ ಕುಂದುತ್ತಾ ಹೋಗುವುದಕ್ಕೆ ಡಿಮೆನ್ಷಿಯಾ ಅನ್ನುತ್ತಾರೆ, ಅದಕ್ಕೆ ಹೆಚ್ಚಾಗಿ ಕಾರಣವಾಗುವ ಕಾಯಿಲೆ ಅಲ್ಝೈಮರ್. ಸೆಪ್ಟೆಂಬರ್ 21 ವಿಶ್ವ ಅಲ್ಝೈಮರ್ ದಿನ. ಅವತ್ತು ಎಲ್ಲೋ ಒಂದು ಜಾಥಾ, ಪೇಪರಿನಲ್ಲಿ ಒಂದು ಫೋಟೊ. ಆಮೇಲೆ ಮುಂದಿನ ಸೆಪ್ಟೆಂಬರ್‌ವರೆಗೆ ಯಾರಿಗೂ ಅದರ ನೆನಪಿರುವುದಿಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲೂ ಒಂದು ಕಾರ್ಯಕ್ರಮ ಮಾಡಿದೆವು. ‘ಡಿಮೆನ್ಷಿಯಾ ಜಾಗೃತಿ ಶಿಬಿರ’ ಅಂತ ದಪ್ಪಕ್ಷರದಲ್ಲಿ ಬ್ಯಾನರ್ ಬರೆಸಿದ್ದೆವು. ನೂರು ಕುರ್ಚಿ ಬಾಡಿಗೆಗೆ ಬಂದವು. ಜನ ಬಂದಿದ್ದು ಹನ್ನೊಂದು, ಅದರಲ್ಲಿ ಐದು ಜನ ನಾವೇ. ಮಿಕ್ಕ ಕೇಸರಿಬಾತನ್ನು ಎರಡು ದಿನ ತಿಂದೆವು. ಮರುವರ್ಷ ಅದೇ ಸಮುದಾಯ ಭವನ, ಅದೇ ಡಾಕ್ಟರು. ಕುರ್ಚಿ ಸಾಲದೆ ಹುಡುಗರು ಮೆಟ್ಟಿಲ ಮೇಲೆ ಕೂತರು. ನಡುವೆ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರು ಸರಿಮಾಡಿ

‘ಡಿಮೆನ್ಷಿಯಾ’ ಅಂದರೆ ಅದು ಬೇರೆ ಯಾರ ಮನೆಯದ್ದೋ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವರು ಅದನ್ನು ‘ಬುದ್ಧಿಮಾಂದ್ಯತೆ’ ಅಂತ ಕನ್ನಡಕ್ಕೆ ತಂದುಬಿಡುತ್ತಾರೆ. ಅದು ತಪ್ಪು. ಬುದ್ಧಿಮಾಂದ್ಯತೆ ಚಿಕ್ಕಂದಿನಿಂದಲೇ ಇರುವಂಥದ್ದು, ಇದು ಚೆನ್ನಾಗಿದ್ದವರಿಗೆ ಆಮೇಲೆ ಬರುವಂಥದ್ದು. ‘ಮರೆಗುಳಿ ಕಾಯಿಲೆ’ ಅನ್ನಬಹುದು. ನಾವು ಎರಡನೇ ಸಲ ಬರೆಸಿದ್ದು ಹೀಗೆ: ‘ಮರೆವು: ಯಾವುದು ವಯಸ್ಸಿನದು, ಯಾವುದು ಕಾಯಿಲೆಯದು? ಬಿಪಿ, ಶುಗರ್ ಉಚಿತ ತಪಾಸಣೆ.’ ಅರ್ಧ ಜನ ಶುಗರ್ ನೋಡಿಸಲು ಬಂದರು. ಬರಲಿ ಬಿಡಿ, ಕೂತರಲ್ಲ.

ನಮ್ಮ ನಿಜವಾದ ಎದುರಾಳಿ ಕಾಯಿಲೆಯಲ್ಲ, ಒಂದು ಗಾದೆ. ‘ಅರವತ್ತಕ್ಕೆ ಅರಳು ಮರಳು.’ ಪ್ರಾಸ ಚೆನ್ನಾಗಿದೆ, ಅದಕ್ಕೇ ಅಷ್ಟು ಗಟ್ಟಿಯಾಗಿ ಕೂತಿದೆ. ಅಪ್ಪ ದಾರಿ ತಪ್ಪಿದರೂ ಅರಳು ಮರಳು, ಅಮ್ಮ ಮಗಳ ಹೆಸರು ಮರೆತರೂ ಅರಳು ಮರಳು. ಆಸ್ಪತ್ರೆಗೆ ಹೋಗುವ ಮಾತೇ ಇಲ್ಲ. ಸಭೆಯ ಶುರುವಿನಲ್ಲೇ ಈ ಗಾದೆಯ ಲೆಕ್ಕ ಚುಕ್ತಾ ಮಾಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ನಿಮ್ಮ ಸುತ್ತಮುತ್ತ ಹಿರಿಯರು ಇನ್ನೂರು ಮಂದಿ ಇದ್ದರೆ, ಸರಾಸರಿ ಲೆಕ್ಕದಲ್ಲಿ ಹದಿನೈದು ಮನೆ. ಅದೇ ಅಂಕಿಯನ್ನು ತಿರುಗಿಸಿ ಹೇಳಿ: ನೂರರಲ್ಲಿ 92ಕ್ಕೂ ಹೆಚ್ಚು ಜನಕ್ಕೆ ಇದು ಇಲ್ಲ. ಹಾಗಾದರೆ ಅರವತ್ತಾದ ಮಾತ್ರಕ್ಕೆ ಮರುಳು ಬರುತ್ತದೆ ಅನ್ನುವುದು ಹೇಗೆ?

ಇನ್ನೊಂದು ಮಾತೂ ಹೇಳಿಸಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಒಬ್ಬ ಹೆಂಗಸನ್ನು ನೋಡಿದರು, ಹೆಸರು ಆಗಸ್ಟೆ ಡೀಟರ್. ಮುಂದೆ ಆ ಡಾಕ್ಟರ ಹೆಸರನ್ನೇ ಪಡೆದ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಆಕೆಯಲ್ಲೇ. ಆಕೆಗೆ ಆಗ 51 ವರ್ಷ. ಅರವತ್ತೂ ಆಗಿರಲಿಲ್ಲ.

ಯಾರನ್ನು ಕರೆಯಬೇಕು?

ಬರೀ ಹಿರಿಯರನ್ನು ಕರೆದರೆ ಪ್ರಯೋಜನ ಕಡಿಮೆ. ತನಗೆ ಮರೆವಿದೆ ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಸೊಸೆಯಂದಿರು, ಮಕ್ಕಳು, ಮನೆಗೆಲಸದವರು ಬರಬೇಕು. ಆಶಾ ಕಾರ್ಯಕರ್ತೆಯನ್ನು, ಸ್ತ್ರೀಶಕ್ತಿ ಸಂಘದವರನ್ನು ಮನೆಗೇ ಹೋಗಿ ಕರೆಯಿರಿ. ಆಟೋ ಸ್ಟ್ಯಾಂಡಿನವರನ್ನು, ಬ್ಯಾಂಕಿನ ಬಾಗಿಲಲ್ಲಿ ಕೂರುವ ಸೆಕ್ಯುರಿಟಿಯವರನ್ನು ಮರೆಯಬೇಡಿ. ಮನೆ ದಾರಿ ತಪ್ಪಿದ ಅಜ್ಜ ಮೊದಲು ಸಿಗುವುದು ಆಟೋದವರ ಕೈಗೆ. ಒಂದೇ ಪಿಂಚಣಿಗೆ ಮೂರು ಸಲ ಚಲನ್ ಬರೆಯುವವರನ್ನು ಮೊದಲು ನೋಡುವುದು ಬ್ಯಾಂಕಿನವರು.

ಹೊತ್ತು ಬೆಳಿಗ್ಗೆ ಹನ್ನೊಂದು. ಸಂಜೆ ಬೇಡ. ಮರೆಗುಳಿ ಇರುವವರಿಗೆ ಹೊತ್ತು ಮುಳುಗುವಾಗ ಗಾಬರಿ ಜಾಸ್ತಿ, ‘ಮನೆಗೆ ಹೋಗಬೇಕು’ ಅಂತ ಸ್ವಂತ ಮನೆಯಲ್ಲೇ ಚೀಲ ಕಟ್ಟಿಕೊಳ್ಳುತ್ತಾರೆ. ಅವರನ್ನು ಬಿಟ್ಟು ಯಾರು ಬರುತ್ತಾರೆ ಹೇಳಿ? ಪಕ್ಕದ ಕೋಣೆಯಲ್ಲಿ ಹಿರಿಯರ ಜೊತೆ ಕೂರಲು ಇಬ್ಬರನ್ನು ನೇಮಿಸಿ. ಹಳೇ ಹಾಡು ಹಾಕಿ, ಅವರೆಕಾಯಿ ಸಿಕ್ಕರೆ ಸುಲಿಯಲು ಕೊಡಿ. ನಮ್ಮಲ್ಲಿ ಆ ಕೋಣೆಯೇ ಸಭೆಗಿಂತ ಚೆನ್ನಾಗಿ ನಡೆಯಿತು.

ಡಾಕ್ಟರಿಗೆ ಹದಿನೈದೇ ನಿಮಿಷ

ಹೆಚ್ಚು ಕೊಟ್ಟರೆ ಇಂಗ್ಲಿಷ್ ಸ್ಲೈಡು ಶುರುವಾಗುತ್ತದೆ. ಮೊದಲೇ ಕೂತು ಮಾತಾಡಿಕೊಳ್ಳಿ. ಸಹಜ ಮರೆವು ಯಾವುದು ಅಂತ ಅಡುಗೆಮನೆಯ ಉದಾಹರಣೆ ಕೊಟ್ಟು ಹೇಳಲಿ. ಉಪ್ಪಿಟ್ಟಿಗೆ ಉಪ್ಪು ಮರೆಯುವುದು ಸಹಜ. ನಲವತ್ತು ವರ್ಷ ಉಪ್ಪಿಟ್ಟು ಮಾಡಿದವರು ರವೆ ಹುರಿದಾದ ಮೇಲೆ ಮುಂದೇನು ಅಂತ ಸೌಟು ಹಿಡಿದು ನಿಂತುಬಿಟ್ಟರೆ, ಅದನ್ನು ತೋರಿಸಬೇಕು.

ತೋರಿಸಿದರೆ ಏನು ಬಂತು, ವಾಸಿಯಾಗಲ್ಲವಲ್ಲ ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಇದೆ. ಎಲ್ಲ ಮರೆವೂ ಅಲ್ಝೈಮರ್ ಅಲ್ಲ. ಬಿ12 ವಿಟಮಿನ್ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ. ಖಿನ್ನತೆಯೂ ಮರೆವಿನಂತೆ ಕಾಣುತ್ತದೆ. ನಿದ್ದೆ ಮಾತ್ರೆಯಿಂದ ಮಂಕಾಗಬಹುದು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿ, ಕೆಲವು ವಾರದ ಮೇಲೆ ಮೆದುಳಿನ ಹೊರಗೆ ರಕ್ತ ಕಟ್ಟಿಕೊಂಡಿರಬಹುದು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಅಲ್ಝೈಮರ್ ಅಂತಲೇ ಗೊತ್ತಾದರೂ, ಬ್ಯಾಂಕು, ಆಸ್ತಿ, ಔಷಧಿ, ಯಾರು ನೋಡಿಕೊಳ್ಳಬೇಕು ಅನ್ನುವುದನ್ನು ಅವರನ್ನೇ ಕೇಳಿ ತೀರ್ಮಾನಿಸಲು ಸಮಯ ಸಿಗುತ್ತದೆ.

ಹದಿನೈದು ನಿಮಿಷದ ಭಾಷಣಕ್ಕಿಂತ ಮೂರು ನಿಮಿಷದ ನಾಟಕ

ನನ್ನನ್ನು ಕೇಳಿದರೆ ಇಡೀ ಕಾರ್ಯಕ್ರಮದ ಜೀವ ಇದೇ. ನಮ್ಮ ಬೀದಿಯ ಹೆಂಗಸರೇ ಮಾಡಿದ್ದು. ಅತ್ತೆ ಗೇಟಿನ ಹತ್ತಿರ ನಿಂತು ಪಕ್ಕದ ಮನೆಯವರಿಗೆ ಹೇಳುತ್ತಾರೆ:

‘ನೋಡಮ್ಮ, ಬೆಳಿಗ್ಗೆಯಿಂದ ಒಂದು ತುತ್ತು ಅನ್ನ ಹಾಕಿಲ್ಲ ಇವಳು.’

ಒಳಗೆ ಅವರು ಉಂಡ ತಟ್ಟೆ ಇನ್ನೂ ತೊಳೆದಿಲ್ಲ. ಸೊಸೆ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿಬರುತ್ತಾಳೆ.

‘ಈಗ ತಾನೇ ಎರಡು ಸಲ ಹಾಕಿಸ್ಕೊಂಡು ಊಟ ಮಾಡಿದ್ರಲ್ಲ ಅತ್ತೆ! ಯಾಕೆ ಹೀಗೆ ಬೀದೀಲಿ ನನ್ನ ಮಾನ ಕಳೀತೀರಾ?’

ಅತ್ತೆ ಅಳುತ್ತಾರೆ, ಸೊಸೆಯೂ ಅಳುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಅದೇ ದೃಶ್ಯವನ್ನು ಮತ್ತೆ ಆಡಿಸಿ. ಈ ಸಲ ಸೊಸೆ ಹೇಳುವುದು ಇಷ್ಟೇ: ‘ಹಸಿವಾಯ್ತಾ ಅತ್ತೆ? ಬನ್ನಿ, ಒಳಗೆ ಕೂತ್ಕೊಳ್ಳಿ, ಒಂದು ಬಾಳೆಹಣ್ಣು ಕೊಡ್ತೀನಿ.’ ಪಕ್ಕದ ಮನೆಯಾಕೆ, ‘ನಡೀರಿ ಅಜ್ಜಿ, ನಾನೂ ಬರ್ತೀನಿ’ ಅಂತ ಜೊತೆಗೆ ಹೋಗುತ್ತಾಳೆ.

ಭವನದಲ್ಲಿ ಮೊದಲು ನಗು ಕೇಳಿಸಿತು, ಆಮೇಲೆ ಎಲ್ಲರೂ ಸುಮ್ಮನಾದರು. ಡಾಕ್ಟರು ಎದ್ದು ಕಾರಣ ಹೇಳಿದ್ದು ಆಗಲೇ. ಹೊಸ ನೆನಪನ್ನು ಕೂಡಿಡಲು ಮೆದುಳಲ್ಲಿ ಹಿಪ್ಪೋಕ್ಯಾಂಪಸ್ ಅನ್ನುವ ಪುಟ್ಟ ಭಾಗ ಬೇಕು. ಅಲ್ಝೈಮರ್ ಸಾಮಾನ್ಯವಾಗಿ ಶುರುವಿನಲ್ಲೇ ಅದನ್ನು ಹಿಡಿಯುತ್ತದೆ. ಹಾಗಾಗಿ ಅರ್ಧ ಗಂಟೆ ಹಿಂದೆ ಉಂಡದ್ದು ಒಳಗೆ ದಾಖಲೇ ಆಗಿರುವುದಿಲ್ಲ. ಮದುವೆಯ ದಿನ ಬಡಿಸಿದ ಚಿರೋಟಿ ಮಾತ್ರ ಚೆನ್ನಾಗಿ ನೆನಪಿರುತ್ತದೆ. ‘ಹಳೇದೆಲ್ಲ ನೆನಪಿದೆ, ಊಟ ಮಾಡಿದ್ದು ಮಾತ್ರ ಮರೆತೋಯ್ತಾ? ಬೇಕಂತಲೇ ನಾಟಕ ಮಾಡ್ತಾರೆ’ ಅನ್ನುವ ಮಾತು ಹುಟ್ಟುವುದು ಇಲ್ಲೇ. ಅವರು ನಾಟಕ ಮಾಡುತ್ತಿಲ್ಲ ಅಂತ ಒಂದು ನಾಟಕದಿಂದಲೇ ಗೊತ್ತಾಯಿತು.

ಬಿಪಿ ಮೇಜು ಸುಮ್ನೆ ಇಡುವುದಲ್ಲ

ತಪಾಸಣೆ ಮೇಜನ್ನು ಜನ ಸೇರಿಸುವ ಉಪಾಯ ಅಂತ ಶುರು ಮಾಡಿದ್ದೆವು. ಆದರೆ ಅದಕ್ಕೂ ಮೆದುಳಿಗೂ ನೇರ ಸಂಬಂಧ ಇದೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು 45% ತಡೆಯಬಹುದು ಅಥವಾ ಮುಂದೂಡಬಹುದು ಅನ್ನುತ್ತದೆ. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಬೀಡಿ-ಸಿಗರೇಟು, ತಲೆಗೆ ಪೆಟ್ಟು, ಒಂಟಿತನ ಎಲ್ಲವೂ ಅದರಲ್ಲಿವೆ. ಇದು ಜನಸಮೂಹದ ಲೆಕ್ಕ, ‘ನಾನು ದಿನಾ ವಾಕಿಂಗ್ ಹೋದರೆ ನನಗೆ ಬರಲ್ಲ’ ಅನ್ನುವ ಗ್ಯಾರಂಟಿ ಅಲ್ಲ. ಅದನ್ನೂ ಬಿಡಿಸಿ ಹೇಳಿ.

ಪಟ್ಟಿಯಲ್ಲಿ ನಮ್ಮ ಜನ ನಂಬದೇ ಇದ್ದದ್ದು ಕಿವಿ. ಕಿವುಡುತನ ಕೊಲೆಸ್ಟ್ರಾಲಿನಷ್ಟೇ ದೊಡ್ಡ ಪಾಲು ಪಡೆದಿದೆ. ಕಿವಿ ಕೇಳದವರು ಮಾತು ಬಿಡುತ್ತಾರೆ, ಮದುವೆ-ಮುಂಜಿಗೆ ಹೋಗುವುದು ಬಿಡುತ್ತಾರೆ, ಮೂಲೆ ಸೇರುತ್ತಾರೆ. ಕನ್ನಡಕ ಹಾಕಿಕೊಳ್ಳಲು ಇಲ್ಲದ ನಾಚಿಕೆ ಕಿವಿ ಮಿಷನ್ನಿಗೆ ಯಾಕೋ. ಇನ್ನು ಹೆಲ್ಮೆಟ್: ಅರ್ಧ ಟೋಪಿಯಂಥದ್ದನ್ನು ಪೊಲೀಸರಿಗೆ ತೋರಿಸಲು ಹಾಕಿಕೊಳ್ಳುವವರಿಗೆ ಎರಡು ಮಾತು ಗಟ್ಟಿಯಾಗಿಯೇ ಹೇಳಿ.

ಸಂಶೋಧನೆಯ ಮಾತು ಬಿಡಬೇಡಿ

‘ಸಂಶೋಧನೆ ಎಲ್ಲಾ ಅಮೆರಿಕದಲ್ಲಿ’ ಅಂತ ಜನ ಅಂದುಕೊಂಡಿದ್ದಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಅಂದರೆ ಎಲ್ಲರಿಗೂ ಮಾವಿನಹಣ್ಣು ನೆನಪಾಗುತ್ತದೆ. ಅದೇ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಮೆದುಳಿನ ಸ್ಕ್ಯಾನ್ ಎಲ್ಲ ಇವೆ. ಕಾಯಿಲೆ ಬಂದ ಮೇಲೆ ನೋಡುವುದಲ್ಲ, ಚೆನ್ನಾಗಿರುವಾಗಲೇ ನೋಡುತ್ತಾ ಹೋಗಿ, ಯಾರಿಗೆ ಯಾವಾಗ ಏನು ಬದಲಾಯಿತು ಅಂತ ಹಿಡಿಯುವ ಕೆಲಸ ಇದು.

ಹಳ್ಳಿಯೇ ಯಾಕೆ? ಈ ಕಾಯಿಲೆ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಶ್ರೀಮಂತ ದೇಶಗಳ ಓದುಬರಹ ಬಲ್ಲವರಿಂದ ಬಂದದ್ದು. ಶಾಲೆಗೇ ಹೋಗದ ರೈತ ಮಹಿಳೆಗೆ ಪೆನ್ಸಿಲ್ ಕೊಟ್ಟು ‘ಗಡಿಯಾರದ ಚಿತ್ರ ಬರೆಯಿರಿ’ ಅಂದರೆ, ಬಾರದ್ದು ನೆನಪೋ ಪೆನ್ಸಿಲೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದಕ್ಕೇ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ.

ಹೈದರಾಬಾದಿನ ಒಂದು ಅಧ್ಯಯನ ಸಭೆಯಲ್ಲಿ ಯಾವಾಗಲೂ ಗೆಲ್ಲುತ್ತದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ ಇದ್ದ 648 ಜನರನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು. ಒಂದೇ ಭಾಷೆ ಆಡುವವರಿಗಿಂತ ಎರಡೋ ಮೂರೋ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬಾರದವರಲ್ಲೂ ವ್ಯತ್ಯಾಸ ಇತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕೋಲಾರದ ಕಡೆಯವರು ಇದನ್ನು ಕೇಳಿ ಸುಮ್ಮನೆ ಕೂರುತ್ತಾರಾ? ನಮ್ಮ ಸಭೆಯಲ್ಲಿ ಒಬ್ಬರು ಎದ್ದು, ‘ನಂಗೆ ಐದು ಭಾಷೆ ಬರುತ್ತೆ, ಆದ್ರೂ ಹೆಂಡ್ತಿ ಹೇಳಿದ ಸಾಮಾನು ಮರೀತೀನಲ್ಲ’ ಅಂದರು.

ಬೆಂಗಳೂರಿನವರಾದರೆ ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಮ್ಮಿಗೆ ಒಂದು ತಂಡ ಕರೆದುಕೊಂಡು ಹೋಗಿ. ದಿನ, ಸಮಯ ಮೊದಲೇ ವಿಚಾರಿಸಿ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ಅಲ್ಲೇ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಮನೆಯವರು ಒಪ್ಪಿ ದಾನ ಕೊಟ್ಟ ಮೆದುಳುಗಳು ಸಂಶೋಧನೆಗೆ ಸಿಗುವುದು ಅಲ್ಲಿಂದ. ಈ ವಿಷಯ ಎತ್ತಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಕಣ್ಣು ದಾನಕ್ಕೂ ಒಂದು ಕಾಲದಲ್ಲಿ ಹಾಗೇ ಇತ್ತು. ಒತ್ತಾಯ ಬೇಡ, ಕರಪತ್ರ ಮೇಜಿನ ಮೇಲಿರಲಿ.

ಮಾಡಬಾರದ್ದು

ವೇದಿಕೆ ಮೇಲೆ ಯಾರಿಗೂ ನೆನಪಿನ ಪರೀಕ್ಷೆ ಮಾಡಬೇಡಿ. ನಾವು ಮೊದಲ ವರ್ಷ ತಮಾಷೆಗೆ ಅಂತ ಮಾಡಿದೆವು. ನಿವೃತ್ತ ಮೇಷ್ಟ್ರೊಬ್ಬರಿಗೆ ನಾವು ಹೇಳಿದ ಮೂರು ಪದದಲ್ಲಿ ಒಂದೂ ನೆನಪಾಗಲಿಲ್ಲ. ಅವರು ಶಲ್ಯ ಸರಿಮಾಡಿಕೊಂಡು ಕೆಳಗಿಳಿದು ಹೋದರು, ಮತ್ತೆ ಭವನದ ಕಡೆ ಬರಲಿಲ್ಲ. ಇವತ್ತಿಗೂ ನನಗೆ ಅದು ಚುಚ್ಚುತ್ತದೆ. ನೆನಪಿನ ಶಕ್ತಿಯ ಟಾನಿಕ್ ಮಾರುವವರಿಂದ ಪ್ರಾಯೋಜಕತ್ವ ತೆಗೆದುಕೊಳ್ಳಬೇಡಿ, ಊಟದ ಖರ್ಚು ಪೂರ್ತಿ ಕೊಡುತ್ತೇವೆ ಅಂದರೂ.

ಕೊನೆಗೆ, ಕುರ್ಚಿ ಎತ್ತಲು ಅವಸರ ಬೇಡ

ಕೈಗೊಂದು ಚೀಟಿ ಕೊಡಿ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಜೊತೆಗೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ ಬರೆಯಿರಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಶುರು ಮಾಡಿದ ಯೋಜನೆ ಅದು.

ಮೈಕು ಆರಿಸಿದ ಮೇಲೆ ಡಾಕ್ಟರು ಅರ್ಧ ಗಂಟೆ ಅಲ್ಲೇ ಕೂರುವಂತೆ ಮೊದಲೇ ಒಪ್ಪಿಸಿಕೊಂಡಿರಿ. ಮೂಲೆಯಲ್ಲಿ ಎರಡು ಕುರ್ಚಿ ಸಾಕು. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಕೈ ಎತ್ತದವರು ಆಗ ಬರುತ್ತಾರೆ. ಎರಡನೇ ವರ್ಷ ಊಟದ ತಟ್ಟೆಗಳನ್ನು ಎತ್ತುವ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಸಭೆಯುದ್ದಕ್ಕೂ ಹಿಂದಿನ ಸಾಲಿನಲ್ಲಿ ಕೂತಿದ್ದವರು. ‘ಸಾರ್, ನಾಟಕದಲ್ಲಿ ತೋರಿಸಿದ್ರಲ್ಲ, ನಮ್ಮತ್ತೆನೂ ಹಂಗೇ’ ಅಂದರು. ಚೀಟಿ ಮುಗಿದಿತ್ತು. ಪೆನ್ನು ಇಸಿದುಕೊಂಡು ಅಂಗೈ ಮೇಲೆ ನಂಬರು ಬರೆದುಕೊಂಡು ಹೋದರು.