ಕೊಲೆ ಇಲ್ಲ, ಪೊಲೀಸ್ ಇಲ್ಲ: ಇಬ್ಬರು ಗೆಳತಿಯರ ಥ್ರಿಲ್ಲರ್ ಬರೆದ ನನ್ನ ಅನುಭವ

ನನ್ನ ಕಾದಂಬರಿಯ ಎರಡನೇ ಮುದ್ರಣ ಪ್ರೆಸ್‌ನಿಂದ ಬಂದಾಯಿತು. ಕೊಲೆ ಇಲ್ಲ, ಪೊಲೀಸ್ ಇಲ್ಲ, ರಹಸ್ಯವನ್ನು ಮೂವತ್ತನೇ ಪುಟದ ಆಸುಪಾಸಿನಲ್ಲೇ ಬಿಟ್ಟುಕೊಟ್ಟಿದ್ದೀರಿ, ಇದನ್ನು ಥ್ರಿಲ್ಲರ್ ಅಂತ ಯಾರು ಕೊಳ್ಳುತ್ತಾರೆ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಅರ್ಧ ಓದಿ, "ಇದು ಸಾಂಸಾರಿಕ ಕಾದಂಬರಿ, ಹಾಗೇ ಹೇಳಿ ಮಾರಿ" ಅಂದರು. ನಾನು ಒಪ್ಪಲಿಲ್ಲ. ಸ್ವಂತ ದುಡ್ಡಿನಲ್ಲಿ ಐನೂರು ಪ್ರತಿ ಹಾಕಿಸಿದೆ. ಎಂಟೊಂಬತ್ತು ತಿಂಗಳಲ್ಲಿ ಖಾಲಿ.

ಕಥೆ ಇಷ್ಟೇ. ಮಲ್ಪೆಯ ಲಲಿತ ಮತ್ತು ಸುಗಂಧಿ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಈಗ ಇಬ್ಬರಿಗೂ ಐವತ್ತು ದಾಟಿದೆ. ಲಲಿತಳ ಮನೆಯವರಿಗೆ ಟ್ರಾಲ್ ಬೋಟ್ ಇದೆ, ಬಲೆ ಎಳೆದು ಮೀನು ಹಿಡಿಯುವ ಯಾಂತ್ರಿಕ ಬೋಟ್. ಅದರ ಸಾಲಕ್ಕೆ ಸುಗಂಧಿಯದ್ದೇ ಜಾಮೀನು. ಕಂತು ನಿಂತಿರುವುದು ಊರಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಲಲಿತಳ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಾಗ ಗಂಡಿನ ಕಡೆಯವರ ಕಿವಿಗೆ ಆ ಸುದ್ದಿ ಹಾಕಿದವಳು ಸುಗಂಧಿ. ಸಂಬಂಧ ಮುರಿದ ರಾತ್ರಿ ಲಲಿತಳ ಪಕ್ಕ ಕೂತು ಗಂಜಿ ಕುಡಿಸಿದವಳೂ ಸುಗಂಧಿಯೇ.

ಇದನ್ನು ಬರೆಯುವ ಮೊದಲು ಮೂರು ರೀತಿಯಲ್ಲಿ ಸೋತಿದ್ದೆ. ಮೊದಲನೆಯದರಲ್ಲಿ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ನಡುವೆ ಒಂದು ಹೆಣ ಇತ್ತು. ಹೆಣ ಬಂದ ಕೂಡಲೇ ಇನ್ಸ್‌ಪೆಕ್ಟರ್ ಬಂದರು. ಅವರು ಬಂದ ಮೇಲೆ ಗೆಳತಿಯರು ಬರೀ ಆರೋಪಿಗಳಾದರು, ಹೊಟ್ಟೆಕಿಚ್ಚಿಗೆ ಜಾಗವೇ ಉಳಿಯಲಿಲ್ಲ. ನೂರೈವತ್ತು ಪುಟ ಹೋಯಿತು. ಎರಡನೆಯದನ್ನು ಸುಗಂಧಿಯ ಬಾಯಲ್ಲೇ ಹೇಳಿಸಿದೆ. ಅವಳು ಪ್ರತಿ ಪುಟದಲ್ಲೂ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತಾ ಹೋದಳು, ಅರವತ್ತು ಪುಟಕ್ಕೆ ಓದುವವರಿಗೆ ಸುಸ್ತು. ಮೂರನೆಯದರಲ್ಲಿ ಒಂದು ಅಧ್ಯಾಯ ಅವಳದ್ದು, ಒಂದು ಇವಳದ್ದು. ಅದೂ ಕೈಹಿಡಿಯಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಎರಡು ಉದ್ದನೆಯ ಲೆಕ್ಕದ ಪುಸ್ತಕ. ಅಂಗಡಿಯಲ್ಲಿ ಉದ್ರಿ ಬರೆಯುತ್ತಾರಲ್ಲ, ಅಂಥದ್ದು. ಒಂದು ಲಲಿತಳದ್ದು, ಒಂದು ಸುಗಂಧಿಯದ್ದು. ಬಾಲ್ಯದಿಂದ ಇಲ್ಲಿಯವರೆಗೆ ಒಬ್ಬಳು ಇನ್ನೊಬ್ಬಳಿಗೆ ಏನು ಕೊಟ್ಟಳು, ಏನು ಪಡೆದಳು, ಅಷ್ಟೇ ಬರೆದೆ. ಕಥೆಯ ಒಂದು ಸಾಲೂ ಬರೆಯಲಿಲ್ಲ. ಲಲಿತಳ ಪುಸ್ತಕದಲ್ಲಿ ಹೀಗಿದೆ: "ಸುಗಂಧಿಯ ಮದುವೆಗೆ ನನ್ನ ಬೆಂಡೋಲೆ ಕೊಟ್ಟೆ. ವಾರ ಬಿಟ್ಟು ತಂದುಕೊಟ್ಟಳು." ಅದೇ ದಿನಕ್ಕೆ ಸುಗಂಧಿಯ ಪುಸ್ತಕದಲ್ಲಿ: "ಬೆಂಡೋಲೆ ಕೊಟ್ಟಳು. ಊಟದ ಪಂಕ್ತಿಯಲ್ಲಿ ನನ್ನ ಅತ್ತೆಯ ಎದುರು, 'ನನ್ನದೇ ಅದು, ಚಂದ ಕಾಣ್ತದೆ ಅಲ್ವಾ' ಅಂದಳು." ಎರಡು ಪುಸ್ತಕಗಳ ಲೆಕ್ಕ ಎಲ್ಲೆಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಲ್ಲಿ ಒಂದೊಂದು ಅಧ್ಯಾಯ ಇಟ್ಟೆ. ತಾಳೆಯಾದದ್ದನ್ನೆಲ್ಲ ಬಿಟ್ಟೆ. ಇಬ್ಬರಲ್ಲಿ ಯಾರ ಪುಸ್ತಕವನ್ನು ಮೊದಲು ತುಂಬಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನನ್ನ ಮುಂದಿನ ಕಾದಂಬರಿಗೂ ಬೇಕು. ಕ್ರಮ ತಪ್ಪಿದರೆ ಇಬ್ಬರ ದನಿಯೂ ಒಂದೇ ಆಗುತ್ತದೆ ಅಂತ ಮಾತ್ರ ಹೇಳಬಲ್ಲೆ.

ಕಥೆಯ ಕಾಲಕ್ಕೆ ಬೇಲಿ ಹಾಕಿದ್ದು ಕರಾವಳಿಯ ಮಳೆಗಾಲದ ಮೀನುಗಾರಿಕೆ ನಿಷೇಧ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ, ಗಂಡಸರು ಮನೆಯಲ್ಲಿ ಅಥವಾ ಬಲೆಯ ಕೆಲಸದಲ್ಲಿ, ಹೊರಗೆ ಜಡಿಮಳೆ. ಸಂಪಾದನೆ ಇಲ್ಲ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಇದಕ್ಕಿಂತ ಒಳ್ಳೆಯ ಮುಚ್ಚಿದ ಕೋಣೆ ಯಾವ ಥ್ರಿಲ್ಲರ್‌ಗೆ ಸಿಕ್ಕೀತು? ದ್ವೀಪದ ಹೆಣಕ್ಕೆ ಅಲ್ಲೇ ಪೂರ್ತಿ ಕೊನೆಯಾಯಿತು. ಮಳೆಗಾಲದಲ್ಲಿ ಆ ಕಡೆ ಪ್ರವಾಸಿ ಬೋಟೇ ಹೋಗುವುದಿಲ್ಲವಲ್ಲ.

ಜಾಮೀನಿನ ವಿಷಯವನ್ನು ಸುಮ್ನೆ ತಂದದ್ದಲ್ಲ. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳುವುದು ಅದನ್ನೇ. ಅಂದರೆ ಲಲಿತಳ ಮನೆ ಮುಳುಗಿದಷ್ಟೂ ಬ್ಯಾಂಕಿನವರು ಸುಗಂಧಿಯ ಬಾಗಿಲಿಗೆ ಹತ್ತಿರವಾಗುತ್ತಾರೆ. ಅದು ಗೊತ್ತಿದ್ದೂ ಅವಳು ಆ ಮಾತು ಆಡಿದಳು. ಗೊತ್ತಿಲ್ಲದೆ ಆಡಿದಳು ಅಂತ ಬರೆಯಿರಿ, ಅವಳ ಮೇಲೆ ಕನಿಕರ ಬರುತ್ತದೆ ಅಂತ ಸಲಹೆ ಕೊಟ್ಟವರಿದ್ದರು. ನನ್ನ ಪ್ರಕಾರ ಹಾಗೆ ಬರೆದಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ.

ನನಗೆ ತುಂಬಾ ಹೆಮ್ಮೆ ಇರುವುದು ಆಟಿ ಅಮಾವಾಸ್ಯೆಯ ಅಧ್ಯಾಯದ ಬಗ್ಗೆ. ತುಳುವರ ಆಟಿ ತಿಂಗಳ ಆ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ. ಕಥೆಯನ್ನು 2022ರಲ್ಲಿ ಇಟ್ಟಿದ್ದೇ ಅದಕ್ಕಾಗಿ. ಆ ವರ್ಷ ಆಟಿ ಅಮಾವಾಸ್ಯೆ ಬಂದದ್ದು ಜುಲೈ 28ಕ್ಕೆ, ನಿಷೇಧ ಮುಗಿಯಲು ಮೂರೇ ದಿನ ಇರುವಾಗ. ಬೆಳಕು ಹರಿಯುವ ಮೊದಲು ಪಾಲೆ ಮರದ ಕೆತ್ತೆಯನ್ನು ಕಲ್ಲಿನಿಂದಲೇ ಜಜ್ಜಿ ತರಬೇಕು, ಕತ್ತಿ ತಾಗಿಸಬಾರದು. ಕತ್ತಲಲ್ಲಿ ಮರ ತಪ್ಪಿ ವಿಷದ ಕಾಸರಕ ಮರದ ಕೆತ್ತೆ ಬಂದರೆ ಜೀವಕ್ಕೇ ಅಪಾಯ, ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಧ್ಯಾಯ ಕೇಳಿದವರೆಲ್ಲ, "ಇಲ್ಲಿ ಒಬ್ಬಳನ್ನು ಸಾಯಿಸಿ" ಅಂದರು. ನಾನು ಯಾರನ್ನೂ ಸಾಯಿಸಲಿಲ್ಲ. ಪ್ರತಿ ವರ್ಷದ ಹಾಗೆ ಸುಗಂಧಿ ಕೆತ್ತೆ ತಂದುಕೊಡುತ್ತಾಳೆ. ಲಲಿತ ಅರೆದು ರಸ ತೆಗೆಯುತ್ತಾಳೆ, ಬೆಳ್ಳುಳ್ಳಿ, ಓಮ, ಕರಿಮೆಣಸು ಹಾಕುತ್ತಾಳೆ, ಕಾದ ಬೆಣಚುಕಲ್ಲನ್ನು ಚುಂಯ್ ಅಂತ ಇಳಿಸುತ್ತಾಳೆ. ಎರಡು ಲೋಟಕ್ಕೆ ಹೊಯ್ಯುತ್ತಾಳೆ. ಮಗಳ ಸಂಬಂಧ ಮುರಿದವರು ಯಾರು ಅಂತ ಅವಳಿಗೆ ಹಿಂದಿನ ದಿನವೇ ತಿಳಿದಿದೆ. ಲೋಟ ಬಾಯಿಯ ಹತ್ತಿರ ತಂದವಳು ಒಂದು ಕ್ಷಣ ತಡೆಯುತ್ತಾಳೆ, ಅಷ್ಟೇ. ಆ ತಡೆಯುವಿಕೆ ನೋಡಿದ್ದೇ ಸುಗಂಧಿಗೆ ಗೊತ್ತಾಗುತ್ತದೆ: ಇವಳಿಗೆ ಎಲ್ಲಾ ತಿಳಿದಿದೆ, ನನ್ನ ಕೈಯ ಕೆತ್ತೆಯನ್ನೂ ಇವಳು ನಂಬುತ್ತಿಲ್ಲ. ಇಬ್ಬರೂ ಕುಡಿಯುತ್ತಾರೆ. ಮೆಂತೆ ಗಂಜಿಗೆ ಕೂರುತ್ತಾರೆ. ಏಳೆಂಟು ಪುಟದ ಈ ಅಧ್ಯಾಯ ಓದಿ ರಾತ್ರಿ ಫೋನ್ ಮಾಡಿದ ಓದುಗರು ಎಷ್ಟೋ ಜನ.

ನಡುವೆ ಭಾಷೆಯ ಒಂದು ಪ್ರಯೋಗವನ್ನೂ ಮಾಡಿದೆ. ಮಾತುಕತೆಯನ್ನೆಲ್ಲ ತುಳುವಿನಲ್ಲೇ ಬರೆದಿದ್ದೆ. ಉಡುಪಿಯವರಿಗೆ ಖುಷಿಯಾಯಿತು, ಘಟ್ಟದ ಮೇಲಿನವರು ಹತ್ತು ಪುಟಕ್ಕೆ ಕೈಬಿಟ್ಟರು. ಆಮೇಲೆ ತುಳುವನ್ನು ನಾಲ್ಕಾರು ಕಡೆಗೆ ಇಳಿಸಿದೆ. ಸುಗಂಧಿ ನಿಜ ಹೇಳುವಾಗ ತುಳು, ಏನಾದರೂ ಮುಚ್ಚಿಡುವಾಗ ಅಚ್ಚುಕಟ್ಟಾದ ಕನ್ನಡ. "ನನಗೆ ಆ ವಿಷಯ ತಿಳಿದಿಲ್ಲ ಮಾರಾಯ್ತಿ" ಅಂದಳು ಅಂದರೆ ತಿಳಿದಿದೆ ಅಂತಲೇ ಲೆಕ್ಕ. ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ, ಆದರೂ ಓದುಗರು ಹಿಡಿದರು.

ಪರೀಕ್ಷೆಗೆ ಅಧ್ಯಾಯಗಳನ್ನು ನಾನೇ ಓದಿ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ ಹತ್ತು ಹನ್ನೆರಡು ಜನರಿಗೆ ಕಳಿಸುತ್ತಿದ್ದೆ. ಅಭಿಪ್ರಾಯ ಕೇಳುತ್ತಿರಲಿಲ್ಲ. ಮುಂದಿನದು ಯಾವಾಗ ಅಂತ ಅವರಾಗಿ ಕೇಳಿದರೆ ಅಧ್ಯಾಯ ಪಾಸು. ಸುಮ್ಮನಿದ್ದರೆ ತಿದ್ದುತ್ತಿದ್ದೆ. ಯಾವ ಸಾಲಿನಲ್ಲಿ ಮೆಸೇಜ್ ನಿಲ್ಲಿಸುತ್ತಿದ್ದೆ ಅನ್ನುವುದೂ ನನ್ನಲ್ಲೇ ಇರಲಿ.

ಇನ್ನು ದುಡ್ಡು. ಪುಸ್ತಕದ ಅಳತೆ ಡೆಮಿ ಅಷ್ಟದಳ, ಇನ್ನೂರು ಚಿಲ್ಲರೆ ಪುಟ. ಕಾಗದ, ಮುದ್ರಣ, ಬೈಂಡಿಂಗ್ ಸೇರಿ ನಲವತ್ತೆರಡು ಸಾವಿರದಷ್ಟು. ಡಿಟಿಪಿ (ಅಕ್ಷರ ಜೋಡಣೆ), ಮುಖಪುಟ, ಕರಡು ತಿದ್ದಿದವರಿಗೆ ಕೊಟ್ಟದ್ದು ಸೇರಿ ಇನ್ನೊಂದು ಹದಿಮೂರು ಸಾವಿರ. ನಾನು ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ಪ್ರೆಸ್‌ನವರು ತಮ್ಮ ಫಾಂಟ್‌ಗೆ ಬದಲಿಸಿದಾಗ ಅರ್ಕಾವತ್ತುಗಳೆಲ್ಲ ಒಡೆದವು, ಕರಡು ಮತ್ತೊಂದು ಸಲ ನೋಡಿಸಬೇಕಾಯಿತು. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಲ್ಲಿ ನೀವೇ ಅರ್ಜಿ ಹಾಕಿದರೆ ಉಚಿತ. ಬೆಲೆ 230 ಇಟ್ಟೆ. ಅಂಗಡಿಗಳಿಗೆ ಶೇಕಡ 40 ಬಿಡಬೇಕು, ದುಡ್ಡು ಬರಲು ತಿಂಗಳುಗಟ್ಟಲೆ. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಪ್ರತಿಗಳನ್ನು ನಾನೇ ನೇರವಾಗಿ ಮಾರಿದೆ. ಕೈಗೆ ಬಂದದ್ದು ಎಂಬತ್ತು ಸಾವಿರದ ಆಸುಪಾಸು. ಅಂಚೆ, ಪ್ಯಾಕಿಂಗ್ ಕಳೆದು ಉಳಿದದ್ದು ಇಪ್ಪತ್ತು ಸಾವಿರ ಇರಬಹುದು. 2024ರ ಡಿಸೆಂಬರ್‌ನಲ್ಲಿ ಅಂಚೆಯವರು ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ್ದಾರೆ. ಬಿಡಿ ಪ್ರತಿ ಕಳಿಸುವವರು ಆ ಖರ್ಚನ್ನು ಬೆಲೆಯಲ್ಲೇ ಸೇರಿಸಿಕೊಳ್ಳಿ.

ಮೊದಲ ಮುದ್ರಣ ಜುಲೈ ಮಳೆಯಲ್ಲಿ ಬಂದು, ಮೂವತ್ತು ನಲವತ್ತು ಪ್ರತಿಗಳ ಮುಖಪುಟ ತೇವಕ್ಕೆ ಸುರುಳಿ ಸುತ್ತಿತು. ಅವನ್ನು ವಿಮರ್ಶೆಗೆ, ಗ್ರಂಥಾಲಯಗಳಿಗೆ ಹಂಚಿದೆ. ಎರಡನೆಯದನ್ನು ಮಳೆ ಪೂರ್ತಿ ನಿಂತ ಮೇಲೆ ಹಾಕಿಸಿದೆ, ಸಾವಿರ ಪ್ರತಿ. ಈ ಸಲ ಸಾಂಸಾರಿಕ ಕಾದಂಬರಿ ಅಂದಿದ್ದ ಆ ಪ್ರಕಾಶಕರೂ ಹತ್ತು ಪ್ರತಿ ತರಿಸಿಕೊಂಡಿದ್ದಾರೆ, ತಮ್ಮ ಮಳಿಗೆಯಲ್ಲಿ ಥ್ರಿಲ್ಲರ್ ಕಪಾಟಿನಲ್ಲೇ ಇಟ್ಟಿದ್ದಾರೆ.