ಐದು ವರ್ಷದ ಮಗಳು, ಖಾಲಿ ಚರ್ಚು: ನಮ್ಮ ದತ್ತು ಅನುಭವ

"ಅಷ್ಟು ದೊಡ್ಡ ಮಗು ತರಬೇಡ್ರಿ, ಹೊಂದಿಕೊಳ್ಳಲ್ಲ" ಅಂತ ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ಅತ್ತೆ ಹೇಳಿದರು, ನಮ್ಮ ಚರ್ಚಿನ ಸ್ತ್ರೀಯರ ಕೂಟದವರು ಹೇಳಿದರು, ನನ್ನ ಸ್ವಂತ ಅಣ್ಣ ಫೋನ್ ಮಾಡಿ ಅರ್ಧ ತಾಸು ಹೇಳಿದ. ಮಗಳು ಈಗ ಆರನೇ ತರಗತಿ. ಹೊಂದಿಕೊಂಡಿದ್ದಾಳೆ, ಚೆನ್ನಾಗಿಯೇ ಹೊಂದಿಕೊಂಡಿದ್ದಾಳೆ. ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಲ್ಲಿ (CARA) ಹೆಸರು ಹಚ್ಚಿ ಕಾಯುತ್ತಿರುವ ನಮ್ಮ ಕ್ರೈಸ್ತ ಕುಟುಂಬಗಳು ತುಂಬಾ ಇವೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಚ್ಚುವ ಪೋರ್ಟಲ್, ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡುವ ಗೃಹ ಅಧ್ಯಯನ, ಇಂಥ ಮಗು ಇದೆ ಅಂತ ತಿಳಿಸುವ ರೆಫರಲ್ ಇದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಮತ್ತೆ ಹೇಳುವುದಿಲ್ಲ.

ಮೊದಲು ದುಡ್ಡಿನ ಮಾತು. 2013ರಿಂದ 2016ರವರೆಗೆ ಮೂರು ಸಲ ಐವಿಎಫ್ ಮಾಡಿಸಿದೆವು. ಸುಮಾರು ಐದು ಲಕ್ಷ ಹೋಯಿತು, ನಮ್ಮೆಜಮಾನರ ಪಿಎಫ್ ಸಾಲ, ನನ್ನ ನಾಲ್ಕು ಬಳೆ. ಆಮೇಲೆ ಒಬ್ಬ ನರ್ಸ್ ಬಂದು ಕಿವಿಯಲ್ಲಿ ಹೇಳಿದಳು, ಮೂರೂವರೆ ಲಕ್ಷ ಕೊಟ್ಟರೆ ಹುಟ್ಟಿದ ದಿನವೇ ಕೂಸು ಕೈಗೆ ಕೊಡುತ್ತೇನೆ, ಜನನ ಪತ್ರದಲ್ಲೂ ನಿಮ್ಮದೇ ಹೆಸರು ಅಂತ. ಸುಳ್ಳು ಹೇಳಲ್ಲ, ಎರಡು ರಾತ್ರಿ ನಾನು ಅದೇ ಯೋಚನೆಯಲ್ಲಿದ್ದೆ. ಅದು ಮಗುವನ್ನು ಕೊಳ್ಳುವುದು, ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಯಾರೋ ತಾಯಿ ಹೊರಗೆ ಅಳುತ್ತಾ ಕೂತಿರುತ್ತಾಳೆ, ನಾನು ಒಳಗೆ ಮಗು ಎತ್ತಿಕೊಂಡು ಸ್ತೋತ್ರ ಹೇಳುವುದಾ? ಬೇಡ ಅಂದುಬಿಟ್ಟೆವು. ಸರಿಯಾದ ದಾರಿಯಲ್ಲಿ ಆದ ಖರ್ಚು ನೆನಪಿದ್ದಂತೆ ಇಷ್ಟು: ಗೃಹ ಅಧ್ಯಯನಕ್ಕೆ ಆರು ಸಾವಿರ, ಮಗುವನ್ನು ಕರೆತರುವಾಗ ಅದು ಇದ್ದ ದತ್ತು ಕೇಂದ್ರಕ್ಕೆ ನಲವತ್ತು ಸಾವಿರ, ಆಮೇಲಿನ ಭೇಟಿಗಳಿಗೆ ತಲಾ ಎರಡು ಸಾವಿರ. ವಕೀಲರು, ಓಡಾಟ ಎಲ್ಲ ಸೇರಿ ಎಂಬತ್ತು ಸಾವಿರ ದಾಟಿರಲಿಕ್ಕಿಲ್ಲ. ಈಗಿನ ದರ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

"ನಮ್ಮವರಿಗೆ ದತ್ತು ಇಲ್ಲ" ಅಂತ ಹೇಳುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ದೂರಲ್ಲ, ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ನಮಗೆ ಇದ್ದದ್ದು 1890ರ ಪೋಷಕತ್ವ ಕಾಯ್ದೆ ಒಂದೇ. ಗದಗಿನ ನನ್ನ ದೊಡ್ಡಮ್ಮ ಒಬ್ಬ ಹುಡುಗನನ್ನು ಹಾಗೇ ಸಾಕಿದರು. ಕಾಗದದಲ್ಲಿ ಅವರು ಗಾರ್ಡಿಯನ್ ಅಷ್ಟೇ. ಅವನಿಗೆ ಹದಿನೆಂಟು ತುಂಬಿದ ದಿನ ಆ ಸಂಬಂಧವೂ ಮುಗಿಯಿತು, ಮನೆ ಅವನಿಗೆ ಸೇರಲಿ ಅಂತ ದೊಡ್ಡಮ್ಮ ಬೇರೆ ವಿಲ್ ಬರೆಸಬೇಕಾಯಿತು. ಬಾಲನ್ಯಾಯ ಕಾಯ್ದೆಗೆ 2006ರಲ್ಲಿ ತಿದ್ದುಪಡಿ ಬಂದ ಮೇಲೆ ದಾರಿ ತೆರೆಯಿತು. ಯಾವ ಧರ್ಮದವರಾದರೂ ಈ ಕಾಯ್ದೆಯಲ್ಲಿ ದತ್ತು ಪಡೆಯಬಹುದು ಅಂತ 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಮ್ಮ ಮಗಳ ದತ್ತು ಆದೇಶದ ಪ್ರತಿ ಕೈಗೆ ಬಂದ ದಿನ ನಾನು ಮೊದಲು ತೋರಿಸಿದ್ದು ದೊಡ್ಡಮ್ಮನಿಗೆ. ತಂದೆ, ತಾಯಿ ಅಂತ ಬರೆದ ಸಾಲಿನ ಮೇಲೆ ಬೆರಳಾಡಿಸಿ ಎರಡು ಸಲ ಓದಿದರು.

ನಾವು 2017ರಲ್ಲಿ ಹೆಸರು ಹಚ್ಚಿದಾಗ ಎಲ್ಲರಂತೆ ಎರಡು ವರ್ಷದೊಳಗಿನ ಕೂಸು ಬೇಕು ಅಂತ ಬರೆದಿದ್ದೆವು. ಒಂದೂವರೆ ವರ್ಷ ಏನೂ ಇಲ್ಲ. ದಿನಾ ಪೋರ್ಟಲ್ ತೆಗೆದು ನಂಬರ್ ನೋಡುವುದೇ ಕೆಲಸ. ಒಂದು ರಾತ್ರಿ ನಮ್ಮೆಜಮಾನರು, "ನಾಲ್ಕರಿಂದ ಆರು ಅಂತ ಬದಲಿಸೋಣ, ದೇವರು ನಮ್ಮನ್ನು ಮಕ್ಕಳಾಗಿ ತಗೊಂಡಾಗ ನಾವೇನು ಕೂಸಾಗಿದ್ವಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ, ಮರುದಿನವೇ ಬದಲಿಸಿದೆ. ಏಳೆಂಟು ತಿಂಗಳಿಗೆ ರೆಫರಲ್ ಬಂತು. ಒಪ್ಪಿಕೊಳ್ಳಲು 48 ಗಂಟೆ ಇರುತ್ತದೆ, ನಮಗೆ ಬೇಕಾದದ್ದು ಒಂದು ಗಂಟೆ. 2019ರ ನವೆಂಬರಿನಲ್ಲಿ ಮಗಳು ಮನೆಗೆ ಬಂದಳು.

ಅಲ್ಲಿಂದ ತಪ್ಪುಗಳು ಶುರು.

ದೊಡ್ಡ ತಪ್ಪು ಕ್ರಿಸ್ಮಸ್ಸಿಗೆ ಅವಳನ್ನು ಚರ್ಚಿಗೆ ಕರೆದುಕೊಂಡು ಹೋದದ್ದು. ಬಂದು ಆರು ವಾರವೂ ಆಗಿರಲಿಲ್ಲ. ಇನ್ನೂರು ಇನ್ನೂರೈವತ್ತು ಜನ, ಎಲ್ಲರೂ ಕೆನ್ನೆ ಹಿಡಿಯುವವರೇ. ಅದರ ಮೇಲೆ ನಮ್ಮನ್ನು ಮುಂದೆ ಕರೆದು, ಮಗುವಿನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಸಿದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಮಗು ನಿಂತಲ್ಲೇ ಒದ್ದೆ ಮಾಡಿಕೊಂಡು ಹೊರಗೆ ಓಡಿಬಿಟ್ಟಿತು. ಚಪ್ಪಲಿ ಕೈಯಲ್ಲಿತ್ತು. ಈ ಚಪ್ಪಲಿ ವಿಷಯ ಹೇಳಲೇಬೇಕು. ಕೇಂದ್ರದಲ್ಲಿ ಕೊಟ್ಟ ನೀಲಿ ಚಪ್ಪಲಿ, ಬಂದ ದಿನದಿಂದ ಅದನ್ನು ಬಿಟ್ಟಿರುತ್ತಿರಲಿಲ್ಲ. ಮಲಗುವಾಗ ದಿಂಬಿನ ಪಕ್ಕ, ಊಟಕ್ಕೆ ಕೂತರೆ ತೊಡೆಯ ಕೆಳಗೆ. ಯಾವಾಗ ಬೇಕಾದರೂ ಮತ್ತೆ ಎಲ್ಲಿಗೋ ಕಳಿಸುತ್ತಾರೆ ಅಂತ ತಯಾರಾಗಿ ಇರುತ್ತಿದ್ದಳು, ಅಲ್ವಾ? ನನಗೆ ಇದು ಅರ್ಥವಾಗಿದ್ದು ಆ ಕ್ರಿಸ್ಮಸ್ ದಿನ, ಚರ್ಚಿನ ಗೇಟಿನ ಹತ್ತಿರ ಅವಳನ್ನು ಹಿಡಿದುಕೊಂಡು ಕೂತಾಗ.

ಇನ್ನೊಂದು ತಪ್ಪು, ಬಾಯಿಪಾಠ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಕಲಿತರೆ ಚಾಕೊಲೇಟ್ ಅಂದೆ. ಮೂರು ದಿನಕ್ಕೆ ಪೂರ್ತಿ ಒಪ್ಪಿಸಿದಳು, ಕೈ ಕಟ್ಟಿ ನಿಂತು, ಕೇಂದ್ರಕ್ಕೆ ಬಂದ ಅತಿಥಿಗಳ ಮುಂದೆ ಪದ್ಯ ಹೇಳಿದ ಹಾಗೆ. ನಮ್ಮೆಜಮಾನರನ್ನು "ಸರ್" ಅಂತಲೇ ಕರೆಯುತ್ತಿದ್ದಳು. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿ ದತ್ತುಮಕ್ಕಳಾದವರು ದೇವರನ್ನು ಅಪ್ಪಾ ಅಂತ ಕೂಗುವ ಮಾತಿದೆ. ನಮ್ಮ ಮನೆಯಲ್ಲಿ "ಸರ್, ಊಟ ಆಯ್ತು" ಅಂತ ಕೇಳಿಸುತ್ತಿತ್ತು. ಅವತ್ತೇ ಚಾಕೊಲೇಟ್ ನಿಲ್ಲಿಸಿದೆ.

ಕೆಲಸ ಮಾಡಿದ್ದು ಖಾಲಿ ಚರ್ಚು. ಜನವರಿಯಿಂದ ಭಾನುವಾರ ಅವಳನ್ನು ಕರೆದೊಯ್ಯುವುದು ಬಿಟ್ಟೆವು. ಒಂದು ವಾರ ನಾನು ಆರಾಧನೆಗೆ, ಒಂದು ವಾರ ಅವರು. ಜನ ಮಾತಾಡಿದರು, ಆಡಲಿ. ಗುರುವಾರ ಸಂಜೆ ಚರ್ಚು ಗುಡಿಸುವ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಪ್ರಾರ್ಥನೆ ಮಾಡು ಅಂತ ಒಂದು ಸಲವೂ ಹೇಳಲಿಲ್ಲ. ಅವಳು ಬೆಂಚಿನ ಕೆಳಗೆ ತೂರಿ ಆಟ ಆಡುವಳು, ನಾನು ಸುಮ್ನೆ ಕೂರುವೆ. ನಾಲ್ಕನೇ ವಾರ ಗುಡಿಸುವ ಕಾಕಾ ಗಂಟೆಯ ಹಗ್ಗ ಅವಳ ಕೈಗೆ ಕೊಟ್ಟರು. ಜೋತುಬಿದ್ದು ಬಾರಿಸಿದಳು. ಆ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿ ಸಭಾಪಾಲಕರು (ಪಾಸ್ಟರ್) ಓಡಿ ಬಂದರು, ನೋಡಿದರು, ಏನೂ ಹೇಳದೆ ಹೋದರು. ಅವರಿಗೆ ನಾನು ಇವತ್ತಿಗೂ ಋಣಿ. ಆಮೇಲೆ ಗುರುವಾರ ಬಂದರೆ ಅವಳೇ ನನ್ನ ಕೈ ಹಿಡಿದು ಎಳೆಯುತ್ತಿದ್ದಳು, ಇನ್ನೊಂದು ಕೈಯಲ್ಲಿ ಚಪ್ಪಲಿ ಇರುತ್ತಿತ್ತು, ಇರಲಿ ಅಂತ ಬಿಟ್ಟೆ.

ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಅದೂ ನಿಂತಿತು. ಆದರೆ ಮೂವರೂ ದಿನವಿಡೀ ಮನೆಯಲ್ಲೇ, ಅದೂ ಒಳ್ಳೆಯದೇ ಆಯಿತು. ಎರಡು ಜವಾರಿ ಕೋಳಿ ಸಾಕಿದೆವು. ಇದಕ್ಕೂ ದತ್ತುವಿಗೂ ಏನು ಸಂಬಂಧ ಅನ್ನಬೇಡಿ, ಸಂಜೆ ಕೋಳಿ ಗೂಡಿಗೆ ಬಂತಾ ಅಂತ ಎಣಿಸುವ ಕೆಲಸ ಅವಳದು, ಬಾರದಿದ್ದರೆ ನಾವು ಮೂವರೂ ಬ್ಯಾಟರಿ ಹಿಡಿದು ಹುಡುಕುತ್ತಿದ್ದೆವು. ಕಳೆದುಹೋದದ್ದನ್ನು ಈ ಮನೆಯವರು ಹುಡುಕುತ್ತಾರೆ ಅಂತ ಅವಳಿಗೆ ಅಲ್ಲೇ ಗೊತ್ತಾಗಿರಬೇಕು. ರಾತ್ರಿ ನಾವಿಬ್ಬರೂ ನಮ್ಮ ಪಾಡಿಗೆ ಪ್ರಾರ್ಥಿಸುತ್ತಿದ್ದೆವು, ಅವಳ ಹೆಸರು ಹೇಳಿ. ಮಲಗಿಸುವಾಗ ನಾನು ಇನ್ನೊಂದು ಕೆಲಸ ಮಾಡುತ್ತಿದ್ದೆ, ಅದನ್ನು ಇಲ್ಲಿ ಬರೆಯಲ್ಲ, ಅದು ನಮ್ಮಿಬ್ಬರದು. ಹೆತ್ತ ತಾಯಿಯ ಬಗ್ಗೆ ಅವಳಿಗೆ ಏನು ಹೇಳಿದೆವು ಅನ್ನುವುದನ್ನೂ ಕೇಳಬೇಡಿ. ಹೇಳಿದ್ದೇವೆ, ಮುಚ್ಚಿಟ್ಟಿಲ್ಲ. ಜೂನ್ ಹೊತ್ತಿಗೆ ಒಂದು ರಾತ್ರಿ, "ಅಪ್ಪಾ, ಕೆಂಪು ಕೋಳಿ ಬಂದಿಲ್ಲ" ಅಂದಳು. ನಮ್ಮೆಜಮಾನರು ಬ್ಯಾಟರಿ ತರುತ್ತೇನೆ ಅಂತ ಒಳಗೆ ಹೋದವರು ಹತ್ತು ನಿಮಿಷ ಹೊರಗೆ ಬರಲಿಲ್ಲ.

ಹೆಸರಿನ ಜಗಳವೂ ಆಯಿತು. ಅವಳದು ಒಬ್ಬ ದೇವಿಯ ಹೆಸರು. ಬದಲಿಸಿ ಅಂತ ಒತ್ತಾಯ ಮಾಡಿದವರಿಗೆ ನಾನು ಬೈಬಲಿನ ಎಸ್ತೇರಳನ್ನು ತೋರಿಸಿದೆ. ತಂದೆತಾಯಿ ಇಲ್ಲದ ಅವಳನ್ನು ಮೊರ್ದೆಕೈ ಮಗಳಾಗಿ ಸಾಕಿಕೊಂಡ, ಹದಸ್ಸಾ ಅನ್ನುವ ಹೆಸರೂ ಅವಳಿಗಿತ್ತು, ಹೆಸರು ಯಾವುದಾದರೂ ಅವಳು ಅವನ ಮಗಳೇ. ಬಂದಾಗ ಮಗುವಿನ ಹತ್ತಿರ ಸ್ವಂತದ್ದು ಅಂತ ಇದ್ದದ್ದು ಎರಡೇ, ಹೆಸರು ಮತ್ತು ಚಪ್ಪಲಿ. ಅದನ್ನೂ ಕಿತ್ತುಕೊಳ್ಳುವುದು ಹೇಗೆ? ಹೆಸರು ಹಾಗೇ ಇದೆ. ದೀಕ್ಷಾಸ್ನಾನ (ಬ್ಯಾಪ್ಟಿಸಂ) 2022ರಲ್ಲಿ ಆಯಿತು, ಅವಳೇ ಕೇಳಿದ ಮೇಲೆ. ಎರಡು ವರ್ಷ ತಡ ಅಂತ ಬೈಸಿಕೊಂಡೆವು, ನನಗೆ ಬೇಸರವಿಲ್ಲ.

ಕೋರ್ಟಿನ ಆದೇಶ ಕೊರೊನಾದಿಂದಾಗಿ ಒಂದು ವರ್ಷ ಎಳೆಯಿತು. ನಿಮಗೆ ಆ ಕಾಟ ಇಲ್ಲ, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳೇ ಆದೇಶ ಕೊಡುತ್ತಾರೆ. ಮಗು ಬಂದ ಮೇಲೆ ಆರು ತಿಂಗಳಿಗೊಮ್ಮೆ ಎರಡು ವರ್ಷ ಸಮಾಜ ಕಾರ್ಯಕರ್ತರು ಭೇಟಿಗೆ ಬರುತ್ತಾರೆ, ಹೆದರಬೇಡಿ. ಮನೆ ಒಪ್ಪವಾಗಿರಬೇಕು ಅಂತೇನಿಲ್ಲ, ನಮ್ಮಲ್ಲಿ ಬಂದಾಗ ಕೋಳಿ ಸೋಫಾ ಮೇಲಿತ್ತು.

ಬೇಡ ಅಂದಿದ್ದ ಅತ್ತೆಗೆ ಈಗ ಎರಡೂ ಕಣ್ಣಿಗೆ ಪೊರೆ. ದಿನಾ ಸಂಜೆ ಮೊಮ್ಮಗಳೇ ಅವರಿಗೆ ಬೈಬಲಿನ ಕೀರ್ತನೆಗಳನ್ನು ಓದಿ ಹೇಳುತ್ತಾಳೆ. ಇಪ್ಪತ್ತಮೂರನೆಯದು ಬಂದರೆ ಬೇಗ ಮುಗಿಸೋಣ ಅಂತ ಒಂದು ಸಾಲು ಹಾರಿಸುತ್ತಾಳೆ. ಅತ್ತೆಗೆ ಅದು ಬಾಯಿಪಾಠ. "ಹಿಂದೆ ಹೋಗವ್ವಾ, ಒಂದ್ ಸಾಲ್ ಬಿಟ್ಟಿ" ಅನ್ನುತ್ತಾರೆ. ಇವಳು ಹಿಂದೆ ಹೋಗಿ ಮತ್ತೆ ಓದುತ್ತಾಳೆ.